‘ಕೂಲಿ’ ಅಂದವರನ್ನು ‘ಏನು ಕೂಲಿ?’ ಅಂತ ಇನ್ನೊಂದು ಮಾತು ಕೇಳಿ

ರಾಜ್ಯದ ಆರೋಗ್ಯ ಇಲಾಖೆ, ಕಾರ್ಮಿಕ ಇಲಾಖೆ, ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಹಿರಿಯರಿಗೆ, ಜೊತೆಗೆ ಹಳ್ಳಿಗಳಲ್ಲಿ ಟಿಬಿ ಮಾತ್ರೆ ಕೊಡುತ್ತಿರುವ ನನ್ನ ಅಕ್ಕತಂಗಿಯರಿಗೆ,

ನಮಸ್ಕಾರ.

ನಾನು ಕೋಲಾರ ಜಿಲ್ಲೆಯ ಹಳ್ಳಿಗಳಲ್ಲಿ ಆರೋಗ್ಯ ಸಹಾಯಕಿಯಾಗಿದ್ದು ನಿವೃತ್ತಿಯಾದವಳು. ಊರವರು ನನ್ನನ್ನು ಕರೆಯುತ್ತಿದ್ದದ್ದು ನರ್ಸಮ್ಮ ಅಂತ. ಮಕ್ಕಳಿಗೆ ಲಸಿಕೆ, ಬಸುರಿಯರ ತಪಾಸಣೆ, ಜ್ವರ ಬಂದವರ ರಕ್ತದ ಸ್ಲೈಡು, ಇವುಗಳ ಜೊತೆ ಟಿಬಿ ಮಾತ್ರೆ ಕೊಡುವ ಕೆಲಸ. ಆಗ ಒಬ್ಬೊಬ್ಬ ರೋಗಿಗೂ ಹೆಸರು ಬರೆದ ಒಂದೊಂದು ಮಾತ್ರೆ ಡಬ್ಬಿ ಬರುತ್ತಿತ್ತು. ವಾರಕ್ಕೆ ಮೂರು ದಿನ, ನಮ್ಮ ಕಣ್ಣೆದುರಿಗೇ ನುಂಗಬೇಕು. ನಾನು ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಲೆಕ್ಕ ಇಟ್ಟುಕೊಳ್ಳುತ್ತಿದ್ದೆ. ಹೆಸರು, ವಯಸ್ಸು, ತೂಕ, ಕಫ ಪರೀಕ್ಷೆ, ಕೆಲಸ.

ಆ ನೋಟ್‌ಬುಕ್ಕುಗಳು ಈಗಲೂ ನನ್ನ ಹತ್ತಿರ ಇವೆ. ಹೋದ ತಿಂಗಳು ತೆಗೆದು ನೋಡಿದೆ. ‘ಕೆಲಸ’ ಎಂಬ ಸಾಲಿನಲ್ಲಿ ಪುಟ ಪುಟಕ್ಕೂ ಒಂದೇ ಪದ: ಕೂಲಿ, ಕೂಲಿ, ಕೂಲಿ. ರಾಗಿ ಹೊಲದಲ್ಲಿ ಕಳೆ ತೆಗೆಯುವವರೂ ಕೂಲಿ. ರೇಷ್ಮೆ ಗೂಡು ಬಿಡಿಸುವವರೂ ಕೂಲಿ. ಬಂಡೆ ಒಡೆಯುವವರೂ ಕೂಲಿ. ನಮ್ಮ ಸ್ವಂತ ಭಾವನ ಹೆಸರಿನ ಮುಂದೆಯೂ ನನ್ನ ಕೈಯಿಂದಲೇ ‘ಕೂಲಿ’ ಅಂತ ಬರೆದಿದ್ದೇನೆ. ಕಲ್ಲಿನ ಧೂಳಿಗೂ ಟಿಬಿಗೂ ಇರುವ ನಂಟು ಆ ಒಂದು ಪದದಲ್ಲಿ ಮುಚ್ಚಿಹೋಗುತ್ತದೆ. ಅದಕ್ಕೇ ಈ ಪತ್ರ.

ಭಾವ ಹದಿನಾರನೇ ವಯಸ್ಸಿಗೇ ಉಳಿ, ಸುತ್ತಿಗೆ ಹಿಡಿದವರು. ಮೊದಲು ಸೈಜುಗಲ್ಲು, ಆಮೇಲೆ ಬೇಲಿಗೆ ನೆಡುವ ಕಲ್ಲುಕೂಚ, ಚಪ್ಪಡಿ. ಕಂಪ್ರೆಸರ್ ಬಂದ ಮೇಲೆ ಬಂಡೆಗೆ ತೂತು ಕೊರೆಯುವ ಕೆಲಸ. ಕೊನೆಯ ಐದಾರು ವರ್ಷ ಜಲ್ಲಿ ಕ್ರಷರಿನಲ್ಲಿ. ಸಂಜೆ ಮನೆಗೆ ಬಂದರೆ ರೆಪ್ಪೆ, ಹುಬ್ಬು, ಕಿವಿಯ ಒಳಗೆಲ್ಲ ಬಿಳಿ. ಮಕ್ಕಳು ಅಜ್ಜ ಬಂದ, ಅಜ್ಜ ಬಂದ ಅಂತ ಆಡಿಕೊಳ್ಳುತ್ತಿದ್ದವು. ಮೂಗಿಗೆ ಒಂದು ಟವೆಲ್ ಕಟ್ಟಿಕೊಳ್ಳುತ್ತಿದ್ದರು. ಕೆಲಸ ಮುಗಿದ ಮೇಲೆ ಒಂದು ಅಚ್ಚು ಬೆಲ್ಲ ತಿನ್ನುತ್ತಿದ್ದರು. ಬೆಲ್ಲ ತಿಂದರೆ ಧೂಳೆಲ್ಲ ಹೊರಗೆ ಹೋಗುತ್ತದೆ ಅಂತ ಅಲ್ಲಿ ಎಲ್ಲರೂ ನಂಬಿದ್ದರು. ನಾನೂ ನಂಬಿದ್ದೆ.

2007ರಲ್ಲಿ ಅವರಿಗೆ ಟಿಬಿ ಬಂತು. ಕಫದಲ್ಲೇ ಸಿಕ್ಕಿತು. ಆರು ತಿಂಗಳು ಒಂದೇ ಒಂದು ಮಾತ್ರೆಯನ್ನೂ ತಪ್ಪಿಸದೆ ನಾನೇ ನುಂಗಿಸಿದೆ. ಗುಣವಾಯಿತು ಅಂತ ಬರೆದರು. ಎರಡು ವರ್ಷ ತುಂಬುವಷ್ಟರಲ್ಲಿ ಮತ್ತೆ ಕೆಮ್ಮು, ಸಂಜೆ ಜ್ವರ, ಕಫದಲ್ಲಿ ಮತ್ತೆ ಅದೇ ಕ್ರಿಮಿ. ಈ ಸಲ ಎಂಟು ತಿಂಗಳ ಚಿಕಿತ್ಸೆ, ಅದರಲ್ಲಿ 24 ಸ್ಟ್ರೆಪ್ಟೊಮೈಸಿನ್ ಚುಚ್ಚುಮದ್ದು. ಆಸ್ಪತ್ರೆಯಲ್ಲಿ ಅವರನ್ನು ಎಲ್ಲರ ಎದುರು ಬೈದರು. ಕುಡಿದು ಮಾತ್ರೆ ಬಿಟ್ಟಿರ್ತೀಯ, ಅದಕ್ಕೇ ತಿರುಗಿ ಬಂದಿದೆ ಅಂದರು. ಮನೆಗೆ ಬಂದು ನಾನೂ ಅದನ್ನೇ ಕೇಳಿದೆ. ಭಾವ ನನ್ನ ಮುಖ ನೋಡಿ, ‘ಎಲ್ಲ ನಿನ್ನ ಕೈಯಲ್ಲೇ ತಾನೇ ನುಂಗಿದ್ದು?’ ಅಂದರು.

ಹೌದಲ್ವಾ? ನನ್ನ ಕೈಯಲ್ಲೇ. ಲೆಕ್ಕ ನನ್ನ ನೋಟ್‌ಬುಕ್ಕಿನಲ್ಲೇ ಇತ್ತು. ಆದರೂ ಅನುಮಾನ ಅವರ ಮೇಲೇ ಬಂತು, ಧೂಳಿನ ಮೇಲೆ ಬರಲಿಲ್ಲ.

ಮೂರನೇ ಸಲ ಉಸಿರು ಸಿಕ್ಕಿಕೊಂಡಾಗ ಬೆಂಗಳೂರಿಗೆ ಕರೆದುಕೊಂಡು ಹೋದೆವು. ಅಲ್ಲಿ ವಯಸ್ಸಾದ ಡಾಕ್ಟರೊಬ್ಬರು ಎಕ್ಸರೇ ನೋಡುವ ಮೊದಲು ಭಾವನ ಅಂಗೈ ನೋಡಿದರು. ಏನು ಕೆಲಸ ಮಾಡ್ತೀಯಪ್ಪ ಅಂದರು. ‘ಕೂಲಿ ಸಾರ್.’ ಅಷ್ಟಕ್ಕೇ ಬಿಡಲಿಲ್ಲ ಅವರು. ‘ಏನು ಕೂಲಿ?’ ಅಂದರು. ಐದು ವರ್ಷದಲ್ಲಿ ಆ ಮಾತು ಕೇಳಿದ ಮೊದಲನೆಯವರು ಅವರು. ಎಕ್ಸರೇಯಲ್ಲಿ ಎರಡೂ ಶ್ವಾಸಕೋಶದ ಮೇಲ್ಭಾಗದಲ್ಲಿ ಸಾಸಿವೆ ಚೆಲ್ಲಿದ ಹಾಗೆ ಬಿಳಿ ಚುಕ್ಕೆಗಳಿದ್ದವು. ಸಿಲಿಕೋಸಿಸ್, ಅಂದರೆ ಕಲ್ಲಿನ ಧೂಳಿನಿಂದ ಬರುವ ಶ್ವಾಸಕೋಶದ ರೋಗ, ಅದರ ಮೇಲೆ ಟಿಬಿ ಅಂದರು. 2013ರಲ್ಲಿ ಭಾವ ತೀರಿಕೊಂಡರು. ಆಗ ಅವರಿಗೆ 41 ವರ್ಷ.

ಯಾವ ಆಸ್ಪತ್ರೆ, ಯಾವ ಕ್ರಷರ್ ಅಂತ ಹೇಳಲು ನಾನು ಬರೆಯುತ್ತಿಲ್ಲ. ನಮಗೆ ಯಾರಿಗೂ ಗೊತ್ತಿರಲಿಲ್ಲ. ಆಮೇಲೆ ಓದಿ, ಕೇಳಿ ತಿಳಿದುಕೊಂಡಿದ್ದನ್ನು ನನ್ನ ಭಾಷೆಯಲ್ಲಿ ಹೇಳುತ್ತೇನೆ, ದಯವಿಟ್ಟು ಪೂರ್ತಿ ಓದಿ.

ನಾವು ಉಸಿರಾಡುವ ಗಾಳಿಯಲ್ಲಿ ಧೂಳು ಇದ್ದೇ ಇರುತ್ತದೆ. ದೇಹಕ್ಕೆ ಅದು ಗೊತ್ತು. ದಪ್ಪ ಕಣಗಳು ಮೂಗಿನಲ್ಲೇ ಸಿಕ್ಕಿಬೀಳುತ್ತವೆ. ಸ್ವಲ್ಪ ಸಣ್ಣವು ಶ್ವಾಸನಾಳದ ಗೋಡೆಯ ಲೋಳೆಗೆ ಅಂಟಿಕೊಳ್ಳುತ್ತವೆ. ಆ ಗೋಡೆಯ ಮೇಲೆ ಕಣ್ಣಿಗೆ ಕಾಣದ ರೋಮಗಳಿವೆ. ಗಾಳಿಗೆ ರಾಗಿ ಪೈರು ಒಂದೇ ಕಡೆ ಬಾಗುವ ಹಾಗೆ ಅವು ಸೆಕೆಂಡಿಗೆ ಹತ್ತಕ್ಕೂ ಜಾಸ್ತಿ ಸಲ ಬಾಗಿ ಬಾಗಿ ಲೋಳೆಯನ್ನು ಗಂಟಲಿನ ಕಡೆಗೆ ತಳ್ಳುತ್ತವೆ. ಅದನ್ನು ನಾವು ಕೆಮ್ಮಿ ಉಗುಳುತ್ತೇವೆ, ಇಲ್ಲವೇ ಗೊತ್ತಿಲ್ಲದೆ ನುಂಗುತ್ತೇವೆ.

ಆದರೆ ತೀರಾ ಸಣ್ಣ ಕಣಗಳು ಇವೆಲ್ಲವನ್ನೂ ದಾಟಿ ಹೋಗುತ್ತವೆ. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಶ್ವಾಸಕೋಶದ ತಳ ಮುಟ್ಟುವ ಧೂಳು 4-5 ಮೈಕ್ರಾನ್‌ಗಿಂತಲೂ ಚಿಕ್ಕದು. ರೆಪ್ಪೆಯ ಮೇಲೆ ಕಾಣುವ ಬಿಳಿ ಧೂಳಿಗಿಂತ ಕಣ್ಣಿಗೆ ಕಾಣದ ಈ ಧೂಳೇ ಒಳಗೆ ಕೂರುವುದು. ಟವೆಲ್ಲಿನ ನೂಲುಗಳ ನಡುವಿನ ಸಂದು ಅದಕ್ಕೆ ಹೆಬ್ಬಾಗಿಲು. ಇನ್ನು ಬೆಲ್ಲ ಹೋಗುವುದು ಹೊಟ್ಟೆಗೆ, ಶ್ವಾಸಕೋಶಕ್ಕಲ್ಲ.

ಶ್ವಾಸಕೋಶದ ತಳದಲ್ಲಿ ಕೋಟಿಗಟ್ಟಲೆ ಗಾಳಿಗೂಡುಗಳಿವೆ. ಅಲ್ಲಿ ರೋಮವೂ ಇಲ್ಲ, ಲೋಳೆಯೂ ಇಲ್ಲ. ಅಲ್ಲಿ ಕಾವಲಿಗಿರುವುದು ಮ್ಯಾಕ್ರೋಫೇಜ್ ಎಂಬ ಜೀವಕೋಶ. ಊರಿನ ತಳವಾರನ ಹಾಗೆ ಅದು ಸುತ್ತುತ್ತಾ ಇರುತ್ತದೆ. ಧೂಳು ಬಂದರೂ ಅದೇ ನುಂಗಬೇಕು, ಕ್ರಿಮಿ ಬಂದರೂ ಅದೇ ನುಂಗಬೇಕು. ಧೂಳಿಗೊಬ್ಬ, ಟಿಬಿಗೊಬ್ಬ ಅಂತ ಬೇರೆ ಬೇರೆ ಕಾವಲುಗಾರರಿಲ್ಲ. ನಮ್ಮಲ್ಲಿ ಧೂಳು ಒಂದು ಇಲಾಖೆಗೆ, ಟಿಬಿ ಇನ್ನೊಂದು ಇಲಾಖೆಗೆ. ಶ್ವಾಸಕೋಶದಲ್ಲಿ ಎರಡೂ ಬಂದು ಬೀಳುವುದು ಒಂದೇ ಜೀವಕೋಶದ ಹೊಟ್ಟೆಗೆ.

ಬೆಣಚುಕಲ್ಲಿನ ಪುಡಿ, ಅಂದರೆ ಸಿಲಿಕಾ, ಒಳಗೆ ಹೋದಾಗ ಏನಾಗುತ್ತದೆ ನೋಡಿ. ಮ್ಯಾಕ್ರೋಫೇಜ್ ಅದನ್ನು ನುಂಗಿ, ಜೀರ್ಣರಸ ತುಂಬಿದ ತನ್ನೊಳಗಿನ ಚೀಲಕ್ಕೆ ಹಾಕುತ್ತದೆ. ಕಲ್ಲು ಜೀರ್ಣವಾಗುವುದಿಲ್ಲ. ಬದಲಿಗೆ ಚೀಲವೇ ಹರಿಯುತ್ತದೆ. ಆ ರಸ ಜೀವಕೋಶದ ಒಳಗೇ ಸುರಿಯುತ್ತದೆ. ಜೀವಕೋಶ ಉರಿಯೂತದ ಸಂದೇಶಗಳನ್ನು ಕಳಿಸಿ ಸಾಯುತ್ತದೆ. ಸತ್ತಾಗ ಕಲ್ಲಿನ ಪುಡಿ ಮತ್ತೆ ಹೊರಗೆ. ಇನ್ನೊಂದು ಮ್ಯಾಕ್ರೋಫೇಜ್ ಬಂದು ಅದನ್ನು ನುಂಗುತ್ತದೆ. ಅದೂ ಸಾಯುತ್ತದೆ. ಒಂದೇ ಚೂರು ಕಲ್ಲು ಹೀಗೆ ಒಂದಾದ ಮೇಲೊಂದು ಕಾವಲುಗಾರನನ್ನು ಕೊಲ್ಲುತ್ತಾ ಹೋಗುತ್ತದೆ. ಸುತ್ತ ಗಾಯವಾಗಿ, ಮಾದು, ಗಂಟು ಕಟ್ಟುತ್ತದೆ. ಭಾವನ ಎಕ್ಸರೇಯಲ್ಲಿ ಸಾಸಿವೆಯಂತೆ ಕಂಡದ್ದು ಆ ಗಂಟುಗಳು. ಈಗ ತಾನೇ ಒಡೆದ ಕಲ್ಲಿನ ಪುಡಿ ಹಳೆಯ ಪುಡಿಗಿಂತ ಜಾಸ್ತಿ ಕೆಟ್ಟದ್ದು, ಹೊಸದಾಗಿ ಒಡೆದ ಅದರ ಮೈಗೆ ರಾಸಾಯನಿಕ ಚುರುಕು ಹೆಚ್ಚು. ಡ್ರಿಲ್ ಹಿಡಿದವರ ಮುಖದ ಮುಂದೆ ಹಾರುವುದು ಅಂಥ ಪುಡಿಯೇ.

ಟಿಬಿ ಕ್ರಿಮಿಯ ಸ್ವಭಾವ ನಿಮಗೆ ಗೊತ್ತೇ ಇದೆ. ಮ್ಯಾಕ್ರೋಫೇಜ್ ನುಂಗಿದ ಮೇಲೂ ಅದರ ಒಳಗೇ ಬದುಕುವುದನ್ನು ಅದು ಕಲಿತಿದೆ. ಗಟ್ಟಿ ಕಾವಲುಗಾರನಾದರೆ ಅದನ್ನು ವರ್ಷಗಟ್ಟಲೆ ಕಟ್ಟಿಹಾಕಿ ಇಡಬಲ್ಲ. ನಮ್ಮ ದೇಶದಲ್ಲಿ ಕೋಟ್ಯಂತರ ಜನರ ಒಳಗೆ ಆ ಕ್ರಿಮಿ ಹಾಗೆ ಸುಮ್ನೆ ಮಲಗಿದೆ, ಏನೂ ಮಾಡುವುದಿಲ್ಲ. ಕಲ್ಲು ನುಂಗಿ ಅರೆಜೀವವಾದ ಕಾವಲುಗಾರನ ಕೈಯಲ್ಲಿ ಅದು ಆಗುವುದಿಲ್ಲ. ಸಿಲಿಕೋಸಿಸ್ ಇರುವವರಿಗೆ ಟಿಬಿ ಬರುವ ಸಾಧ್ಯತೆ ಬೇರೆಯವರಿಗಿಂತ ಮೂರು-ನಾಲ್ಕು ಪಟ್ಟು ಜಾಸ್ತಿ ಅಂತ ಅಧ್ಯಯನಗಳು ತೋರಿಸಿವೆ. ಎಕ್ಸರೇಯಲ್ಲಿ ಇನ್ನೂ ಗಂಟು ಕಾಣದವರಿಗೂ, ಬರಿ ಧೂಳು ಕುಡಿದವರಿಗೂ ಅಪಾಯ ಹೆಚ್ಚೇ. ಜೊತೆಗೆ ಎಚ್‌ಐವಿ ಇದ್ದರೆ ಒಂದು ಅಪಾಯವನ್ನು ಇನ್ನೊಂದರಿಂದ ಗುಣಿಸಿದ ಹಾಗೆ.

ಇನ್ನೊಂದು ಮಾತು. ಕೆಲಸ ಬಿಟ್ಟರೂ ಧೂಳು ಒಳಗಿಂದ ಹೋಗುವುದಿಲ್ಲ. ಬಂಡೆ ಕೆಲಸ ಬಿಟ್ಟು ಹತ್ತು ವರ್ಷವಾಯ್ತು ನರ್ಸಮ್ಮ, ಈಗ ಹಸು ಸಾಕ್ಕೊಂಡಿದ್ದೀನಿ ಅಂದವರನ್ನೂ ಕೇಳಬೇಕು.

ಇದೇನು ಈಗ ಗೊತ್ತಾದ ಸಂಗತಿಯೇ? ಅಲ್ಲ. ನನಗೆ ಜಾಸ್ತಿ ನೋವಾಗುವುದು ಇಲ್ಲೇ. ನಮ್ಮ ಜಿಲ್ಲೆಯಲ್ಲೇ ಕೆಜಿಎಫ್ ಇದೆ. ಅಲ್ಲಿ ಚಿನ್ನ ಇದ್ದದ್ದು ಬೆಣಚುಕಲ್ಲಿನ ಪಟ್ಟಿಯ ಒಳಗೆ. ಚಿನ್ನ ಬೇಕಾದರೆ ಬೆಣಚುಕಲ್ಲು ಕೊರೆಯಲೇಬೇಕು, ಪುಡಿ ಮಾಡಲೇಬೇಕು. ಮೈಸೂರು ಸಂಸ್ಥಾನದಲ್ಲಿ 1940ರಲ್ಲೇ ಸಿಲಿಕೋಸಿಸ್ ನಿಯಮಗಳು ಬಂದಿದ್ದವು. 1947ರಲ್ಲಿ ಪ್ರಕಟವಾದ ವರದಿಯ ಪ್ರಕಾರ, ಅಲ್ಲಿ 7,653 ಗಣಿ ಕಾರ್ಮಿಕರನ್ನು ಪರೀಕ್ಷಿಸಿದಾಗ 3,402 ಜನರಲ್ಲಿ ಸಿಲಿಕೋಸಿಸ್ ಕಂಡಿತು. ಹತ್ತು ಜನರಲ್ಲಿ ನಾಲ್ವರಿಗಿಂತ ಜಾಸ್ತಿ. ಈ ದೇಶದ ವೈದ್ಯ ವಿದ್ಯಾರ್ಥಿಗಳ ಸಿಲಿಕೋಸಿಸ್ ಪಾಠದಲ್ಲೂ ಕೋಲಾರದ ಹೆಸರು ಬರುತ್ತದೆ. ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಆದರೆ ಅದೇ ಜಿಲ್ಲೆಯಲ್ಲಿ, ಗಣಿಯಿಂದ ಬಸ್ಸಿನಲ್ಲಿ ಒಂದು ಗಂಟೆ ದೂರದ ಹಳ್ಳಿಯಲ್ಲಿ, 2007ರಲ್ಲಿ ನನ್ನಂಥ ಆರೋಗ್ಯ ಸಹಾಯಕಿಗೆ ಆ ಪದವೇ ಗೊತ್ತಿರಲಿಲ್ಲ.

ಚಿಕಿತ್ಸೆಯ ವಿಷಯವೂ ಹಾಗೆಯೇ. ಹಾಂಗ್‌ಕಾಂಗಿನ ಎದೆರೋಗ ವೈದ್ಯರು, ನಮ್ಮ ಮದ್ರಾಸಿನ ಕ್ಷಯ ಸಂಶೋಧನಾ ಕೇಂದ್ರ ಮತ್ತು ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಸೇರಿ ಒಂದು ಅಧ್ಯಯನ ಮಾಡಿದ್ದರು. ಸಿಲಿಕೋಸಿಸ್ ಜೊತೆಗೆ ಟಿಬಿ ಇದ್ದವರಲ್ಲಿ ಕೆಲವರಿಗೆ ಆರು ತಿಂಗಳು, ಕೆಲವರಿಗೆ ಎಂಟು ತಿಂಗಳು ಔಷಧಿ ಕೊಟ್ಟು ನೋಡಿದರು. ಆರು ತಿಂಗಳು ತೆಗೆದುಕೊಂಡವರಲ್ಲಿ ನೂರಕ್ಕೆ 22 ಜನರಿಗೆ ರೋಗ ಮರುಕಳಿಸಿತು. ಎಂಟು ತಿಂಗಳು ತೆಗೆದುಕೊಂಡವರಲ್ಲಿ 7 ಜನರಿಗೆ ಮಾತ್ರ. ಇದು ಪ್ರಕಟವಾದದ್ದು 1991ರಲ್ಲಿ. ಭಾವನ ಮೊದಲ ಮಾತ್ರೆಗಿಂತ ಹದಿನಾರು ವರ್ಷ ಮುಂಚೆ! ಅವರು ಕಲ್ಲು ಒಡೆಯುವವರು ಅಂತ ಯಾರಾದರೂ ಕೇಳಿ ಬರೆದುಕೊಂಡಿದ್ದರೆ, ಎಕ್ಸರೇಯನ್ನು ಆ ಕಣ್ಣಿನಿಂದ ನೋಡಿದ್ದರೆ, ಇನ್ನೆರಡು ತಿಂಗಳು ಔಷಧಿ ಮುಂದುವರಿಸೋಣವೇ ಅಂತ ಯೋಚಿಸಬಹುದಿತ್ತು. ಅವರು ಬದುಕುತ್ತಿದ್ದರು ಅಂತ ನಾನು ಹೇಳುವುದಿಲ್ಲ. ಬೈಸಿಕೊಳ್ಳುವುದಂತೂ ತಪ್ಪುತ್ತಿತ್ತು.

ಇನ್ನೊಂದು ಕಡೆಯಿಂದಲೂ ತಪ್ಪಾಗುತ್ತದೆ. ಎಕ್ಸರೇಯಲ್ಲಿ ಸಿಲಿಕೋಸಿಸ್‌ನ ಗಂಟುಗಳು ಟಿಬಿಯ ಹಾಗೆಯೇ ಕಾಣಬಹುದು. ಕಫದಲ್ಲಿ ಕ್ರಿಮಿ ಸಿಗದಿದ್ದರೂ ಟಿಬಿ ಮಾತ್ರೆ ಶುರು ಮಾಡುತ್ತಾರೆ. ಗುಣವಾಗುವುದಿಲ್ಲ. ಮನೆಯಲ್ಲಿ ತಟ್ಟೆ ಲೋಟ ಬೇರೆ ಇಡುತ್ತಾರೆ. ಧೂಳಿನ ರೋಗ ಒಬ್ಬರಿಂದ ಒಬ್ಬರಿಗೆ ಹರಡುವುದೇ ಇಲ್ಲ. ಎಷ್ಟು ಹೆಂಗಸರು ಗಂಡನ ಪಕ್ಕ ಕೂರಲೂ ಹೆದರಿ ದಿನ ಕಳೆದಿದ್ದಾರೆ ಅಂತ ನಾನು ಕಂಡಿದ್ದೇನೆ. ‘ಏನು ಕೂಲಿ?’ ಅಂತ ಕೇಳದೆ ಹೋದರೆ ಎರಡೂ ಕಡೆ ನಷ್ಟ.

ದಕ್ಷಿಣ ಆಫ್ರಿಕಾದಲ್ಲೂ ಚಿನ್ನ ಇರುವುದು ಇಂಥದೇ ಕಲ್ಲಿನಲ್ಲಿ. ಸಿಲಿಕೋಸಿಸ್ ಬಗ್ಗೆ ಅಂತರರಾಷ್ಟ್ರೀಯ ಸಮ್ಮೇಳನ 1930ರಲ್ಲಿ ನಡೆದದ್ದು ಅಲ್ಲಿಯ ಜೊಹಾನ್ಸ್‌ಬರ್ಗ್‌ನಲ್ಲಿ. ಆದರೂ ಅಲ್ಲಿಯ ಕಾರ್ಮಿಕರು ನ್ಯಾಯಕ್ಕೆ 2019ರವರೆಗೆ ಕಾಯಬೇಕಾಯಿತು. ಆ ವರ್ಷ ಅಲ್ಲಿಯ ಹೈಕೋರ್ಟ್ ಒಂದು ಒಪ್ಪಂದಕ್ಕೆ ಒಪ್ಪಿಗೆ ಕೊಟ್ಟಿತು. ಚಿನ್ನದ ಗಣಿ ಕಂಪನಿಗಳು 500 ಕೋಟಿ ರ್‍ಯಾಂಡ್ ಪರಿಹಾರ ನಿಧಿ ಇಡಬೇಕಾಯಿತು. ಆ ಪರಿಹಾರ ಸಿಲಿಕೋಸಿಸ್‌ಗೆ ಮಾತ್ರ ಅಲ್ಲ, ಗಣಿಯಲ್ಲಿ ಬಂದ ಟಿಬಿಗೂ ಸೇರಿದೆ. ನಮ್ಮ ದೇಶದಲ್ಲಿ ರಾಜಸ್ಥಾನ ಅದೇ 2019ರಲ್ಲಿ ಧೂಳಿನ ಶ್ವಾಸಕೋಶ ರೋಗಕ್ಕೆ ಅಂತಲೇ ಒಂದು ನೀತಿ ತಂದಿತು. ಪ್ರಮಾಣಪತ್ರ ಸಿಕ್ಕವರಿಗೆ 3 ಲಕ್ಷ ರೂಪಾಯಿ, ತೀರಿಕೊಂಡರೆ ಕುಟುಂಬಕ್ಕೆ 2 ಲಕ್ಷ, ಜೊತೆಗೆ ಪಿಂಚಣಿ. ದುಡ್ಡಿನಿಂದ ಶ್ವಾಸಕೋಶ ಬರುವುದಿಲ್ಲ, ನಿಜ. ಆದರೆ ಆ ಪ್ರಮಾಣಪತ್ರಕ್ಕಾಗಿಯಾದರೂ ‘ಏನು ಕೂಲಿ?’ ಅಂತ ಯಾರೋ ಒಬ್ಬರು ಕೇಳುತ್ತಾರೆ.

ಈಗ ನನ್ನ ಬೇಡಿಕೆ. ಹೊಸ ಕಾನೂನು ಬೇಕು ಅಂತ ಕೇಳುತ್ತಿಲ್ಲ. 1948ರ ಕಾರ್ಖಾನೆ ಕಾಯ್ದೆಯ ಕಾಲದಿಂದಲೂ ಸಿಲಿಕೋಸಿಸ್ ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗ. 2012ರಿಂದ ಟಿಬಿಯೂ ಅಷ್ಟೇ. ಎರಡು ಪಟ್ಟಿಗಳಿವೆ. ಎರಡನ್ನೂ ಒಂದೇ ಮೇಜಿನ ಮೇಲೆ ಇಟ್ಟು ನೋಡಿ. ಬಂಡೆ, ಕ್ರಷರ್, ಗ್ರಾನೈಟ್ ಪಾಲಿಷ್ ಘಟಕ ಇರುವ ತಾಲೂಕುಗಳಲ್ಲಿ ಟಿಬಿ ಎಷ್ಟಿದೆ, ಮರುಕಳಿಸಿದ ಟಿಬಿ ಎಷ್ಟಿದೆ ಅಂತ ಲೆಕ್ಕ ಹಾಕಿ. ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1959ರಿಂದ ಬೆಂಗಳೂರಿನಲ್ಲೇ ಇದೆ. ಔದ್ಯೋಗಿಕ ಆರೋಗ್ಯದ ರಾಷ್ಟ್ರೀಯ ಸಂಸ್ಥೆಯ ದಕ್ಷಿಣ ಕೇಂದ್ರವೂ ಬೆಂಗಳೂರಿನಲ್ಲೇ ಇದೆ. ಟಿಬಿ ಗೊತ್ತಿರುವವರು, ಧೂಳು ಗೊತ್ತಿರುವವರು ಇಬ್ಬರೂ ಒಂದೇ ಊರಿನಲ್ಲಿ ಕೂತಿದ್ದಾರೆ. ಅವರನ್ನು ಒಟ್ಟಿಗೆ ಇಳಕಲ್ಲಿಗೆ, ಕನಕಪುರಕ್ಕೆ, ಚಿಕ್ಕಬಳ್ಳಾಪುರಕ್ಕೆ, ನಮ್ಮ ಕೋಲಾರಕ್ಕೆ ಕಳಿಸಿಕೊಡಿ.

ಟಿಬಿ ತಡೆಯುವ ಚಿಕಿತ್ಸೆಯ ವಿಷಯ ಇನ್ನೂ ಮುಖ್ಯ. ರೋಗ ಬರುವ ಮೊದಲೇ, ಮಲಗಿರುವ ಕ್ರಿಮಿಯನ್ನು ಕೊಲ್ಲಲು ಮಾತ್ರೆ ಇದೆ. ಟಿಬಿ ರೋಗಿಯ ಮನೆಯವರಿಗೆ, ಎಚ್‌ಐವಿ ಇರುವವರಿಗೆ ಅದನ್ನು ಕೊಡುತ್ತೇವೆ. 2021ರ ಕೇಂದ್ರದ ಮಾರ್ಗಸೂಚಿಯಲ್ಲಿ ಸಿಲಿಕೋಸಿಸ್ ಇರುವವರ ಹೆಸರೂ ಇದೆ. ವಿಶ್ವ ಆರೋಗ್ಯ ಸಂಸ್ಥೆಯೂ ಅದನ್ನೇ ಹೇಳುತ್ತದೆ. ಆದರೆ ಸಿಲಿಕೋಸಿಸ್ ಇದೆ ಅಂತ ಗೊತ್ತಾದರೆ ತಾನೇ ಮಾತ್ರೆ ಸಿಗುವುದು? ಗೊತ್ತಾಗಬೇಕಾದರೆ ಎಕ್ಸರೇ ಆಗಬೇಕು. ಈ ರೋಗ ಶುರುವಿನಲ್ಲಿ ಕೆಮ್ಮನ್ನೂ ತೋರಿಸುವುದಿಲ್ಲ. ಹಾಗಾಗಿ ಕೆಮ್ಮು ಬಂದವರಿಗೆ ಕಾಯದೆ, ಹತ್ತು ವರ್ಷ ಕಲ್ಲಿನ ಕೆಲಸ ಮಾಡಿದ ಎಲ್ಲರಿಗೂ ಎಕ್ಸರೇ ಮಾಡಿಸಿ. ಎಕ್ಸರೇ ಗಾಡಿ ಬಂಡೆಯ ಹತ್ತಿರಕ್ಕೇ ಹೋಗಲಿ. ದಿನದ ಕೂಲಿ ಬಿಟ್ಟು ಅವರು ತಾಲೂಕು ಆಸ್ಪತ್ರೆಗೆ ಬರುವುದಿಲ್ಲ, ಬರಲು ಆಗುವುದೂ ಇಲ್ಲ. ಅಲ್ಲೇ ಟಾರ್ಪಾಲಿನ ಕೆಳಗೆ ಅಡುಗೆ ಮಾಡುವ ಹೆಂಗಸರನ್ನೂ, ಪುಡಿ ಗುಡಿಸುವವರನ್ನೂ ಬಿಡಬೇಡಿ. ಅವರೂ ಅದೇ ಗಾಳಿ ಕುಡಿಯುತ್ತಾರೆ.

ಮಾಲೀಕರಿಗೆ ಒಂದು ಮಾತು. ಈ ಧೂಳಿಗೆ ಅತಿ ದೊಡ್ಡ ಮದ್ದು ನೀರು. ಕೊರೆಯುವ ಕಡೆ ನೀರು ಬಿಟ್ಟುಕೊಂಡು ಕೊರೆಯಿರಿ. ಕ್ರಷರಿನ ಬಾಯಿಗೆ, ಬೆಲ್ಟಿಗೆ ಮುಚ್ಚಿಗೆ ಹಾಕಿ, ನೀರಿನ ಸಿಂಪಣೆ ಇಡಿ. ತಪಾಸಣೆಗೆ ಬಂದ ದಿನ ಮಾತ್ರ ಅಲ್ಲ, ದಿನಾ. ಮಾಸ್ಕ್ ಕೊಡುವುದಾದರೆ ಎನ್95 ತರಹದ, ಮುಖಕ್ಕೆ ಸರಿಯಾಗಿ ಕೂರುವಂಥದ್ದನ್ನು ಕೊಡಿ. ಮಾಸ್ಕ್ ಕೊಟ್ಟ ಮೇಲೆ ನೀರು ನಿಲ್ಲಿಸಬೇಡಿ. ನಮ್ಮ ಕಡೆ ನೀರಿಗೆ ಬರ ಅಂತ ಗೊತ್ತು. ಕುಡಿಯುವ ನೀರಿಗೆ ಬೋರ್‌ವೆಲ್ 1,000 ಅಡಿ ದಾಟುವ ಜಿಲ್ಲೆ ನಮ್ಮದು. ಆದರೆ ಬಳಸಿದ ನೀರನ್ನೇ ತೊಟ್ಟಿಯಲ್ಲಿ ತಿಳಿಗೊಳಿಸಿ ಮತ್ತೆ ಬಳಸಬಹುದು.

ಬೆಂಗಳೂರಿನಲ್ಲಿ ಮನೆ ಕಟ್ಟಿಸುತ್ತಿರುವವರೂ ಕೇಳಿಸಿಕೊಳ್ಳಿ. ನಿಮ್ಮ ಅಡುಗೆಮನೆಯ ಕಟ್ಟೆಗೆ ಕಲ್ಲು ಕತ್ತರಿಸುವಾಗ ಹುಡುಗನೊಬ್ಬ ಬಾಗಿಲು ಹಾಕಿಕೊಂಡು ಒಣ ಗ್ರೈಂಡರ್ ಹಿಡಿದು ಕೂತಿರುತ್ತಾನೆ. ಗ್ರಾನೈಟಿನಲ್ಲೇ ಕಾಲು ಭಾಗಕ್ಕೂ ಮೇಲೆ ಸಿಲಿಕಾ ಇರಬಹುದು. ಈಗ ಬರುತ್ತಿರುವ, ಪುಡಿ ಅಂಟಿಸಿ ಮಾಡಿದ ಕ್ವಾರ್ಟ್ಜ್ ಕಟ್ಟೆಯಲ್ಲಿ 90 ಭಾಗದವರೆಗೂ ಇರುತ್ತದೆ. ಆಸ್ಟ್ರೇಲಿಯಾ ಅದನ್ನು 2024ರ ಜುಲೈ 1ರಿಂದ ನಿಷೇಧಿಸಿತು. ನೀರು ಬಿಟ್ಟು ಕತ್ತರಿಸು ಮಗಾ ಅಂತ ಹೇಳಲು ನಿಮಗೆ ಯಾವ ಇಲಾಖೆಯ ಅನುಮತಿಯೂ ಬೇಡ.

ಕೊನೆಗೆ, ನನ್ನ ಹಾಗೆ ಮಾತ್ರೆ ಕೊಡುವ ತಾಯಂದಿರೇ. ಆಶಾ ಕಾರ್ಯಕರ್ತೆಯರೇ. ರೋಗ ತಿರುಗಿ ಬಂದವರನ್ನು ಬೈಯುವ ಮೊದಲು ಅವರ ಅಂಗೈ ಮುಟ್ಟಿ ನೋಡಿ. ಫಾರಂನಲ್ಲಿ ‘ಗಣಿ’ ಅಂತ ಆಯ್ಕೆ ಇದ್ದರೂ ಚಪ್ಪಡಿ ಕೆತ್ತುವವರು ತಮ್ಮನ್ನು ಗಣಿ ಕಾರ್ಮಿಕ ಅಂತ ಎಂದೂ ಹೇಳಿಕೊಳ್ಳುವುದಿಲ್ಲ. ಕೂಲಿ ಅಂತಲೇ ಹೇಳುತ್ತಾರೆ. ಅದು ಅವರ ತಪ್ಪಲ್ಲ. ನೀವು ಮುಂದಿನ ಮಾತು ಕೇಳಬೇಕು. ಯಾವ ಕಲ್ಲು, ಎಷ್ಟು ವರ್ಷ, ಒಣಗಿದ್ದೋ ನೀರು ಹಾಕಿಯೋ, ಈಗ ಬಿಟ್ಟಿದ್ದರೆ ಯಾವಾಗ ಬಿಟ್ಟಿರಿ. ಇಷ್ಟೇ.

ನಮ್ಮ ಅಕ್ಕನ ಮಗ ಈಗ ಬೆಂಗಳೂರಿನಲ್ಲಿ ಗ್ರಾನೈಟ್ ಕಟಿಂಗ್ ಮಾಡುತ್ತಾನೆ. ಅಪ್ಪನ ಉಳಿ ಬಿಟ್ಟ, ಮೆಷಿನ್ ಹಿಡಿದ. ಎರಡು ವಾರದಿಂದ ಕೆಮ್ಮುತ್ತಿದ್ದಾನೆ. ಬರೀ ನೆಗಡಿ ಚಿಕ್ಕಮ್ಮ ಅನ್ನುತ್ತಾನೆ. ಬರುವ ಸೋಮವಾರ ಅವನನ್ನು ಸರ್ಕಾರಿ ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋಗುತ್ತಿದ್ದೇನೆ. ಚೀಟಿ ಮಾಡಿಸಿದ ಕೂಡಲೇ ಅದರ ಮೇಲೆ ನನ್ನ ಕೈಯಿಂದಲೇ ಬರೆಯುತ್ತೇನೆ: ಗ್ರಾನೈಟ್ ಕಟಿಂಗ್, ಒಣ ಮೆಷಿನ್, ಒಂಬತ್ತು ವರ್ಷ, ತಂದೆಗೆ ಸಿಲಿಕೋಸಿಸ್ ಮತ್ತು ಟಿಬಿ ಇತ್ತು. ಒಳಗೆ ಕೂತ ಡಾಕ್ಟರು ಅದನ್ನು ಓದಿ, ಕಫ ಪರೀಕ್ಷೆಯ ಜೊತೆ ಎಕ್ಸರೇಯನ್ನೂ ಬರೆದುಕೊಡಲಿ.

ಇಂತಿ ನಿಮ್ಮ,
ನಿವೃತ್ತ ಆರೋಗ್ಯ ಸಹಾಯಕಿ
ಕೋಲಾರ ಜಿಲ್ಲೆ